ಸುಕನ್ಯಾಳ ಸೀಟು

ಹಗರಿಬೊಮ್ಮನಹಳ್ಳಿ
೧೪ ಜೂನ್ ೧೯೯೮

ಅಣ್ಣನಿಗೆ ಭಾಗ್ಯಳ ಶರಣು.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದು ಮುಂದಕ್ಕೆ ಹೋಗಬೇಕೆಂದಿದ್ದೆ. ಆದರೆ ನಿನ್ನೆ ನಡೆದದ್ದನ್ನು ಹೇಳದೆ ಕೈ ಮುಂದಕ್ಕೆ ಓಡುತ್ತಿಲ್ಲ.

ಸುಕನ್ಯಾಳನ್ನು ಶನಿವಾರಕ್ಕೊಮ್ಮೆ ಹರಪನಹಳ್ಳಿಗೆ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತೇನೆಂದು ಹಿಂದೆಯೇ ಬರೆದಿದ್ದೆ. ಕೂಡ್ಲಿಗಿ ಕಡೆಯ ಹುಡುಗಿ ಕ್ರಾಂತಿ ಎಂಬಾಕೆ ಅಲ್ಲಿ ಮಕ್ಕಳಿಗೆ ಕೈಕಾಲಿನ ಚಿಕಿತ್ಸೆ ಮಾಡುತ್ತಾಳೆ. ಹುಟ್ಟಿದಾಗ ನಮ್ಮ ಕೂಸು ಅಳಲು ತಡಮಾಡಿತಲ್ಲ, ಪೆಟ್ಟು ಬಿದ್ದದ್ದು ಮೈಗೆ, ಬುದ್ಧಿಗಲ್ಲ ಎಂದು ಮೊದಲು ಹೇಳಿದವಳು ಅವಳೇ. ಐದು ವರ್ಷ ತುಂಬಿದರೂ ಸುಕನ್ಯಾ ತಾನೇ ಕೂರುವುದಿಲ್ಲ. ಬೆನ್ನು ನಿಲ್ಲುವುದಿಲ್ಲ. ಖುಷಿಯಾದರೆ ಮೈಯೆಲ್ಲ ಬಿಲ್ಲಿನಂತೆ ಬಿಗಿದು ಹಿಂದಕ್ಕೆ ಬಾಗುತ್ತಾಳೆ.

ನಿನ್ನೆ ಕೊಟ್ಟೂರು ದಾಟಿದ ಮೇಲೆ ರಸ್ತೆಗೆ ಎಮ್ಮೆ ಅಡ್ಡ ಬಂದು ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ. ನಾನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ ಅಣ್ಣ. ದೇವರಾಣೆಗೂ ಹಿಡಿದಿದ್ದೆ. ಆದರೂ ಮಗು ತೊಡೆಯಿಂದ ಹಾರಿ ಮುಂದಿನ ಸೀಟಿನ ಕಬ್ಬಿಣದ ಕೊಳವೆಗೆ ಬಡಿಯಿತು. ತುಟಿ ಸೀಳಿತು. ಕಂಡಕ್ಟರ್ ಬಂದು, "ಏನವ್ವಾ, ಕೂಸು ಹಿಡ್ಕಳಾಕ ಬರಲ್ಲೇನು ನಿನಗ?" ಎಂದ. ಎಲ್ಲರೂ ನನ್ನ ಮುಖವನ್ನೇ ನೋಡಿದರು.

ಮನೆಯಲ್ಲಿ ಅತ್ತೆ ನಾಗಲಿಂಗಮ್ಮನವರು, "ಹಡದಾಕಿ ಕೈಯಾಗ ಬಲ ಇಲ್ಲಂದ್ರ ಯಾರೇನು ಮಾಡ್ಬೇಕು" ಎಂದರು. ನಮ್ಮ ಯಜಮಾನರು ಊಟ ಬಿಟ್ಟು ಅಂಗಡಿಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ನೀನು ಬಸ್ಸಿನ ಸೀಟು ಮಾಡುವವನು. ಅವಳನ್ನು ಅಲುಗದಂತೆ ಕೂರಿಸುವ ಏನಾದರೂ ಮಾಡಿಕೊಡಲು ಆದೀತೇ? ಎಸ್‌ಟಿಡಿ ಬೂತಿನಿಂದ ಕೇಳೋಣವೆಂದರೆ ಅಲ್ಲಿ ನಮ್ಮ ಅಂಗಡಿಯ ಗಿರಾಕಿಗಳೇ ಸಾಲಾಗಿ ಕುಳಿತಿರುತ್ತಾರೆ. ಅದಕ್ಕೇ ಈ ಪತ್ರ.

ಭಾಗ್ಯ


ಕರೂರು
೨೮ ಜೂನ್ ೧೯೯೮

ಚಿ. ಸೌ. ಭಾಗ್ಯಳಿಗೆ ಗವಿಸಿದ್ದೇಶನ ಆಶೀರ್ವಾದ.

ಆದೀತೇ ಎಂದು ಕೇಳುತ್ತೀಯಲ್ಲ ಹುಚ್ಚಿ! ಇಡೀ ತಮಿಳುನಾಡು ಕುಳಿತುಕೊಳ್ಳುವ ಸೀಟು ನಮ್ಮ ಶೆಡ್ಡಿನಿಂದ ಹೋಗುತ್ತದೆ. ನನ್ನ ಸೋದರಸೊಸೆಗೆ ಒಂದು ಮಾಡಲಾಗದೇ? ಮೊದಲೇ ನನಗೇ ಹೊಳೆಯಬೇಕಿತ್ತು.

ಪತ್ರ ಓದಿದಾಗಿನಿಂದ ಕೈ ಸುಮ್ಮನಿಲ್ಲ. ಕೆಂಪು ರೆಕ್ಸಿನ್ ಆರಿಸಿ ಇಟ್ಟಿದ್ದೇನೆ. ಐಷಾರಾಮಿ ಬಸ್ಸಿಗೆ ಹಾಕುವ ದಪ್ಪ ಫೋಮ್ ಹಾಕುತ್ತೇನೆ, ಮಹಾರಾಣಿಯ ಹಾಗೆ ಕೂರಲಿ. ಹಿಂದೆ ಎರಡು ಕೊಕ್ಕೆ ಇರುತ್ತವೆ, ಬಸ್ಸಿನ ಸೀಟಿನ ಬೆನ್ನಿಗೆ ಸಿಕ್ಕಿಸಿದರೆ ಆಯಿತು. ಎದೆಗೆ ಅಡ್ಡಲಾಗಿ ಒಂದು ಬೆಲ್ಟು. ಎಮ್ಮೆಯೇನು, ಆನೆ ಅಡ್ಡ ಬಂದರೂ ಅಲುಗಬಾರದು.

ಅಳತೆ ಬೇಕು. ಕುಂಡಿಯಿಂದ ನೆತ್ತಿಗೆ, ಭುಜದಿಂದ ಭುಜಕ್ಕೆ, ಬೆನ್ನಿನಿಂದ ಮೊಣಕಾಲಿಗೆ. ಅಳತೆ ಪಟ್ಟಿ ಇಲ್ಲದಿದ್ದರೆ ದಾರ ಹಿಡಿದು ಗಂಟು ಹಾಕಿ ಲಕೋಟೆಯಲ್ಲಿ ಕಳಿಸು.

ಅತ್ತೆಯವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಮುಂದೆ ಸ್ವಲ್ಪ ಗಟ್ಟಿಯಾಗಿ ಹಿಡಿದುಕೋ.

ನಿನ್ನ ಅಣ್ಣ
ಗವಿಸಿದ್ದೇಶ್


ಹಗರಿಬೊಮ್ಮನಹಳ್ಳಿ
೧೨ ಜುಲೈ ೧೯೯೮

ಅಣ್ಣನಿಗೆ ಶರಣು.

ದಾರಗಳನ್ನು ಇಟ್ಟಿದ್ದೇನೆ. ಬಿಳಿಯದು ಎತ್ತರ, ಕೆಂಪು ಭುಜ, ಕಪ್ಪು ಕಾಲು. ಅಳೆಯುವುದೇ ಒಂದು ಯುದ್ಧವಾಯಿತು. ದಾರ ಮೈಗೆ ತಾಗಿದ ಕೂಡಲೇ ಕಚಗುಳಿಯಾಗಿ ನಗುತ್ತಾಳೆ, ನಕ್ಕರೆ ಮೈ ಬಿಗಿಯುತ್ತದೆ, ಬಿಗಿದರೆ ಅಳತೆ ತಪ್ಪುತ್ತದೆ. ಮಾವ ಸೀಟು ಕಳಿಸ್ತಾನ ಅಂದರೆ "ಮಾ" ಎನ್ನುತ್ತಾಳೆ. ಅದು ನಿನಗೋ ನನಗೋ ತಿಳಿಯದು.

ಗಟ್ಟಿಯಾಗಿ ಹಿಡಿದುಕೋ ಎಂದು ನೀನೂ ಬರೆದೆಯಲ್ಲ. ಇರಲಿ.

ಬೇಗ ಕಳಿಸು ಅಣ್ಣ. ಶನಿವಾರ ಹತ್ತಿರ ಬಂದಂತೆ ನನಗೆ ಒಂದು ಕಡೆ ನಿಲ್ಲಲಾಗುವುದಿಲ್ಲ. ಹಾಲು ಉಕ್ಕಿಸುತ್ತೇನೆ, ಹಾಕಿದ ಉಪ್ಪನ್ನೇ ಮತ್ತೆ ಹಾಕುತ್ತೇನೆ. ಬಸ್ಸಿನಲ್ಲಿ ಕಾಲು ಮುಂದಿನ ಸೀಟಿಗೆ ಒತ್ತಿಕೊಂಡು ಹರಪನಹಳ್ಳಿ ಬರುವವರೆಗೂ ಉಸಿರು ಬಿಡುವುದಿಲ್ಲ.

ಭಾಗ್ಯ


ಕರೂರು
೫ ಸೆಪ್ಟೆಂಬರ್ ೧೯೯೮

ಭಾಗ್ಯಳಿಗೆ ಆಶೀರ್ವಾದ.

ಸೀಟು ಹೊರಟಿದೆ. ಹೊಸಪೇಟೆಗೆ ಹೋಗುವ ಲಾರಿಯವರ ಕೈಯಲ್ಲಿ ಕಳಿಸಿದ್ದೇನೆ, ನಿಮ್ಮ ಅಂಗಡಿಯ ಮುಂದೆಯೇ ಇಳಿಸುತ್ತಾರೆ. ಎಷ್ಟು ಚೆಂದ ಬಂದಿದೆಯೆಂದರೆ ನಮ್ಮ ಶೆಡ್ಡಿನ ಮೇಸ್ತ್ರಿ ತನ್ನ ಮೊಮ್ಮಗನನ್ನು ಕೂರಿಸಿ ನೋಡಿದ. ಅಂಚಿಗೆ ಬಿಳಿ ಪೈಪಿಂಗ್ ಹೊಲಿದಿದ್ದೇನೆ. ತಲೆಯ ಹತ್ತಿರ ಅವಳ ಹೆಸರಿನ ಮೊದಲ ಅಕ್ಷರವೂ ಇದೆ.

ಮೊದಲ ಸಲ ಕೂತಾಗ ಏನು ಮಾಡಿದಳು, ಎಲ್ಲ ವಿವರವಾಗಿ ಬರೆ.

ಗವಿಸಿದ್ದೇಶ್


ಹಗರಿಬೊಮ್ಮನಹಳ್ಳಿ
೨೭ ಸೆಪ್ಟೆಂಬರ್ ೧೯೯೮

ಅಣ್ಣನಿಗೆ ಶರಣು.

ಸೀಟು ಸುರಕ್ಷಿತವಾಗಿ ತಲುಪಿತು. ತುಂಬ ಚೆನ್ನಾಗಿದೆ. ಓಣಿಯವರೆಲ್ಲ ಬಂದು ನೋಡಿ ಹೊಗಳಿದರು. ಹಬ್ಬದ ಕೆಲಸ ಬಹಳ ಇದೆ, ಮತ್ತೆ ಬರೆಯುತ್ತೇನೆ.

ಭಾಗ್ಯ


ಕರೂರು
೧೮ ಅಕ್ಟೋಬರ್ ೧೯೯೮

ಭಾಗ್ಯಳಿಗೆ ಆಶೀರ್ವಾದ.

ನಿನ್ನ ಚೀಟಿ ಬಂತು. ಹಬ್ಬದ ಕೆಲಸವೆಂದೆ, ಹಬ್ಬವೂ ಮುಗಿಯಿತು. ಸುಕನ್ಯಾ ಸೀಟಿನಲ್ಲಿ ಕುಳಿತ ಒಂದು ಫೋಟೋ ತೆಗೆಸಿ ಕಳಿಸು. ಇಲ್ಲಿ ಎಲ್ಲರೂ ಕೇಳುತ್ತಾರೆ. ಶೆಡ್ಡಿನ ಗೋಡೆಗೆ ಹಚ್ಚಬೇಕು.

ಗವಿಸಿದ್ದೇಶ್


ಕರೂರು
೧೩ ಡಿಸೆಂಬರ್ ೧೯೯೮

ಭಾಗ್ಯ,

ಅಕ್ಟೋಬರಿನ ಪತ್ರಕ್ಕೆ ಇನ್ನೂ ಉತ್ತರವಿಲ್ಲ. ಊರಿನ ಕಡೆಯ ಲಾರಿ ಬಂದರೆ ಓಡಿಹೋಗಿ ಕೇಳುತ್ತೇನೆ. ಮಗುವಿಗೆ ಜ್ವರವೇ? ನಿನಗೇನಾದರೂ ಆಗಿದೆಯೇ? ಸೀಟು ಇಷ್ಟವಾಗಲಿಲ್ಲವೆಂದರೆ ಹಾಗೆಂದು ಬರೆ, ಬಣ್ಣ ಬದಲಿಸಿ ಕೊಡುತ್ತೇನೆ.

ಗವಿ


ಹಗರಿಬೊಮ್ಮನಹಳ್ಳಿ
೧೦ ಜನವರಿ ೧೯೯೯

ಅಣ್ಣನಿಗೆ ಶರಣು.

ಬಣ್ಣದ ಮಾತಲ್ಲ. ಇಷ್ಟು ದಿನ ಬರೆಯದೆ ಇದ್ದದ್ದು ನಿನಗೆ ನೋವಾಗುತ್ತದೆಂದು. ಬರೆಯದೆ ಇರುವುದೂ ನೋವೇ ಎಂದು ನಿನ್ನ ಡಿಸೆಂಬರಿನ ಪತ್ರ ನೋಡಿ ತಿಳಿಯಿತು.

ಸೀಟು ಬಂದ ಮೊದಲ ಶನಿವಾರವೇ ತೆಗೆದುಕೊಂಡು ಹೋದೆ. ಭಾರ ಬಹಳ, ಇವರೇ ಬಸ್‌ಸ್ಟ್ಯಾಂಡಿನವರೆಗೆ ಹೊತ್ತು ತಂದು ಸಿಕ್ಕಿಸಿಕೊಟ್ಟು ಹೋದರು. ಸುಕನ್ಯಾ ಕುಣಿದಾಡುವಷ್ಟು ಖುಷಿಯಾಗಿದ್ದಳು. ನಾನೂ ಬಹಳ ದಿನಗಳ ಮೇಲೆ ಬೆನ್ನು ಒರಗಿಸಿ ಕುಳಿತೆ. ಟಿಕೆಟ್ ತೆಗೆಸಲು ಅತ್ತ ತಿರುಗಿದೆ, ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಹುಡುಕಿದೆ, ಅಷ್ಟೇ ಹೊತ್ತು. ಅಷ್ಟರಲ್ಲಿ ಹಿಂದಿನ ಸೀಟಿನ ಹುಲುಗಮ್ಮ ಎಂಬಾಕೆ, "ಕೂಸು ನೋಡವ್ವಾ! ಕೂಸು ನೋಡು!" ಎಂದು ಕೂಗಿದಳು.

ಮೈ ಬಿಗಿದು ಕೆಳಕ್ಕೆ ಜಾರಿದ್ದಾಳೆ. ಎದೆಯ ಬೆಲ್ಟು ಕುತ್ತಿಗೆಗೆ ಬಂದು ನಿಂತಿದೆ. ಮುಖ ಕಪ್ಪಿಟ್ಟಿತ್ತು ಅಣ್ಣ. ಕಣ್ಣು ನನ್ನನ್ನೇ ನೋಡುತ್ತಿತ್ತು. ಬಕಲ್ಲು ಬಿಚ್ಚಲು ಹೋದರೆ ಮೈಯ ಭಾರಕ್ಕೆ ಬಿಗಿದು ಬಿಚ್ಚಿಕೊಳ್ಳಲಿಲ್ಲ. ಡ್ರೈವರ್ ಯರ್ರಿಸ್ವಾಮಿ ಬಸ್ಸು ನಿಲ್ಲಿಸಿ ಹಾರಿ ಬಂದು ಬೆಲ್ಟು ಕತ್ತರಿಸಿದ. ಆಮೇಲೆ ಅತ್ತಳು. ಹುಟ್ಟಿದ ದಿನ ಆ ಅಳುವಿಗಾಗಿ ಎಷ್ಟು ಕಾದಿದ್ದೆನೋ ಆ ದಿನವೂ ಅಷ್ಟೇ ಕಾದೆ.

ಅತ್ತೆ, "ಸ್ವಾದರಮಾವ ಕೂಸಿನ ಕೊರಳಿಗೆ ಉರ್ಲು ಕಳಿಸ್ಯಾನ" ಎಂದರು. ಇವರು ಸೀಟನ್ನು ಅಟ್ಟದ ಮೇಲೆ ಹಾಕಿದರು. ಅಂದಿನಿಂದ ಹರಪನಹಳ್ಳಿಗೆ ಹೋಗಿಲ್ಲ. "ಬಸ್ಸು ಹತ್ತೋ ಮಾತು ನನ್ನ ಮುಂದ ಎತ್ತಬ್ಯಾಡ" ಎಂದುಬಿಟ್ಟಿದ್ದಾರೆ. ವ್ಯಾಯಾಮದಿಂದ ಮಗುವಿನ ಹಿಮ್ಮಡಿ ನೆಲಕ್ಕೆ ತಾಗುವಂತಾಗಿತ್ತು, ಈಗ ಮತ್ತೆ ಮೇಲೆದ್ದಿದೆ.

ತಪ್ಪು ನಿನ್ನದೆಂದು ಬರೆಯುತ್ತಿಲ್ಲ. ನಾನು ಪಕ್ಕದಲ್ಲೇ ಇದ್ದೆ.

ಭಾಗ್ಯ


ಕರೂರು
೨೪ ಜನವರಿ ೧೯೯೯

ಭಾಗ್ಯ,

ಆ ಸೀಟನ್ನು ಸುಟ್ಟುಬಿಡು. ಇನ್ನು ನನ್ನನ್ನು ಏನೂ ಕೇಳಬೇಡ.

ಗವಿಸಿದ್ದೇಶ್


ಕರೂರು
೨೧ ಫೆಬ್ರವರಿ ೧೯೯೯

ಭಾಗ್ಯ,

ಸುಡಬೇಡ. ಕ್ರಾಂತಿ ಮೇಡಂಗೆ ತೋರಿಸು. ಎಲ್ಲಿ ತಪ್ಪಿದೆ ಕೇಳು. ಅವರು ಹೇಳಿದ್ದನ್ನು ಬರೆ.

ಗವಿ


ಹಗರಿಬೊಮ್ಮನಹಳ್ಳಿ
೭ ಮಾರ್ಚ್ ೧೯೯೯

ಅಣ್ಣನಿಗೆ ಶರಣು.

ನಿನ್ನ ಎರಡು ಚೀಟಿ ಬಂದವು. ಮೊದಲನೆಯದನ್ನು ಓದಿ ಅತ್ತುಬಿಟ್ಟೆ. ಎರಡನೆಯದರ ಅಕ್ಷರ ನೋಡಿ ಇನ್ನೂ ಭಯವಾಯಿತು. ಅಡ್ಡಾದಿಡ್ಡಿ, ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದೀ. ಆಶೀರ್ವಾದ ಎಂಬ ಒಂದು ಪದವೂ ಇಲ್ಲ. ಅಷ್ಟು ಸಿಟ್ಟು ಬಂದಿದೆಯೇ ನನ್ನ ಮೇಲೆ? ಇಲ್ಲಿ ಮಾತಾಡಲು ನನಗೆ ಯಾರೂ ಇಲ್ಲವೆಂದು ನಿನಗೆ ಗೊತ್ತಿಲ್ಲವೇ?

ಇನ್ನೊಂದು ಸುದ್ದಿಯನ್ನೂ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ವಸತಿಗೃಹವಿದೆ. ಜೂನಿನಲ್ಲಿ ಸುಕನ್ಯಾಳನ್ನು ಅಲ್ಲಿ ಬಿಡಲು ಇವರು ಮಾತಾಡಿ ಬಂದಿದ್ದಾರೆ. ನನ್ನನ್ನು ಕೇಳಲಿಲ್ಲ. ಕೇಳಿದ್ದಕ್ಕೆ, "ಅಲ್ಲಿ ಡಾಕ್ಟ್ರು ಅದೇ ಮನಿಯಾಗ ಇರ್ತಾರ. ಬಸ್ಸು ಹತ್ತೋ ಕೆಲಸನ ಇಲ್ಲ" ಎಂದರು. ಅವಳನ್ನು ಹೊತ್ತು ಬೇಸತ್ತಿದ್ದಾರೆ ಅಣ್ಣ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ಇವರು ಕೂಡ್ಲಿಗಿಗೆ ಸರಕು ತರಲು ಹೋದ ದಿನ ಅಟ್ಟದಿಂದ ಸೀಟು ಇಳಿಸಿದೆ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು, ಸೀಟನ್ನು ಸೊಂಟದ ಮೇಲೆ ಹೊತ್ತುಕೊಂಡು ಹರಪನಹಳ್ಳಿಗೆ ಹೋದೆ. ಕ್ರಾಂತಿ ನೋಡಿದಳು, ಒತ್ತಿದಳು. ಆಮೇಲೆ ನನ್ನ ಮೇಲೆಯೇ ರೇಗಿದಳು.

"ಇದನ್ನ ಮಾಡೋ ಮುಂಚೆ ನನಗೊಂದು ಮಾತು ಹೇಳ್ಬಾರ್ದೇನಕ್ಕಾ? ಎದಿಗೆ ಅಲ್ರಿ, ಬೆಲ್ಟು ಸೊಂಟಕ್ಕ ಇರ್ಬೇಕು. ಎರಡು ತೊಡಿ ನಡುವ ಒಂದು ಪಟ್ಟಿ ಬೇಕು, ಜಾರ್ದಂಗ. ಕುಂದ್ರೋ ಜಾಗ ಮುಂದ ಸ್ವಲ್ಪ ಎತ್ತರ ಇರ್ಲಿ. ಭುಜಕ್ಕ ಎರಡು. ಇಷ್ಟು ಮೆತ್ತಗ ಬ್ಯಾಡ್ರಿ, ಅಕಿ ಮುಳುಗಿ ಹೋಗ್ತಾಳ."

ಸೀಟನ್ನು ಗೋಡೆಗೆ ಒರಗಿಸಿಟ್ಟು, "ನಾನೂ ನಿಮ್ಮನ್ನ ಕೇಳಿಲ್ಲ ನೋಡ್ರಿ, ವಾರಾ ವಾರಾ ಕೂಸನ್ನ ಹೆಂಗ ಕರ್ಕಂಡು ಬರ್ತೀರಿ ಅಂತ" ಎಂದಳು. ಸೀಟನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ.

ಇದನ್ನೆಲ್ಲ ಬರೆದು ಏನು ಪ್ರಯೋಜನವೋ ತಿಳಿಯದು. ಜೂನಿಗೆ ಎಷ್ಟು ದಿನ ಉಳಿದಿದೆ? ಅವಳು ಮಲಗಿದಾಗಲೂ ನಾನು ಎದ್ದೆದ್ದು ಅವಳ ಬಟ್ಟೆ ಮಡಿಸಿಡುತ್ತೇನೆ, ಬಿಚ್ಚುತ್ತೇನೆ, ಮತ್ತೆ ಮಡಿಸುತ್ತೇನೆ.

ಭಾಗ್ಯ


ಕರೂರು
೨೮ ಮಾರ್ಚ್ ೧೯೯೯

ಚಿ. ಸೌ. ಭಾಗ್ಯಳಿಗೆ ಅಣ್ಣನ ತುಂಬ ಆಶೀರ್ವಾದ.

ಸಿಟ್ಟಲ್ಲ ತಾಯಿ. ಎಡಗೈ.

ನೀನು ಜನವರಿಯಲ್ಲಿ ಬರೆದದ್ದನ್ನು ಓದಿದ ಮೇಲೆ ಶೆಡ್ಡಿಗೆ ಹೋಗಲು ಮನಸ್ಸು ಬರಲಿಲ್ಲ. ಕಣ್ಣ ಮುಂದೆ ಅದೇ ಮುಖ. ಸುಟ್ಟುಬಿಡು ಎಂದು ಬರೆದು ಹಾಕಿದೆ. ಹಾಕಿದ ಮೇಲೂ ಸಮಾಧಾನವಿಲ್ಲ. ಜಾರಿದ್ದು ಹೇಗೆ, ಎಷ್ಟು ಜಾರಿತು, ಏಕೆ ಜಾರಿತು? ಒಂದು ದಿನ ಶೆಡ್ಡಿನವರು ಹೊಸ ಬಸ್ಸೊಂದನ್ನು ಓಡಿಸಿ ನೋಡಲು ಹೊರಗೆ ಒಯ್ದರು. ನಾನೂ ಹತ್ತಿದೆ. ಆ ಬೆಲ್ಟಿನಂಥದೇ ಒಂದನ್ನು ಎದೆಗೆ ಕಟ್ಟಿಕೊಂಡು, ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಲು ಡ್ರೈವರನಿಗೆ ಹೇಳಿದೆ. ಅವನು ನಗುತ್ತಾ ಒತ್ತಿದ.

ಸೊಂಟ ಮುಂದಕ್ಕೆ ಜಾರಿತು, ಬೆಲ್ಟು ಗದ್ದಕ್ಕೆ ಬಂತು. ನಾನು ಗಾಬರಿಯಾಗಿ ಮುಂದಿನ ಸೀಟಿಗೆ ಬಲಗೈ ಊರಿದೆ. ಮಣಿಕಟ್ಟು ಮುರಿಯಿತು. ನಿನಗೆ ಹೇಳಲಿಲ್ಲ. ಅಲ್ಲಿ ಅಷ್ಟೆಲ್ಲ ನಡೆದಿರುವಾಗ ನನ್ನ ಕೈಯ ಪುರಾಣ ಯಾಕೆಂದು ಬಿಟ್ಟೆ. ಅಂಗೈಯಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದಾರೆ.

ಆದರೆ ಒಂದು ಮಾತು ಹೇಳಬೇಕು, ಅದಕ್ಕೇ ಈ ಎಡಗೈಯಲ್ಲಿ ಇಷ್ಟು ಬರೆಯುತ್ತಿದ್ದೇನೆ. ನಾನು ಕಬ್ಬಿಣ ಬಗ್ಗಿಸುವ ಗಂಡಸು. ಬ್ರೇಕ್ ಬೀಳುತ್ತದೆಂದು ಮೊದಲೇ ಗೊತ್ತಿತ್ತು. ಬಸ್ಸು ಓಡುತ್ತಿದ್ದದ್ದೂ ಜೋರಾಗಿಯಲ್ಲ. ಆದರೂ ನನ್ನ ಒಂದು ಮೈಯನ್ನು ನನ್ನ ಕೈ ಹಿಡಿಯಲಿಲ್ಲ. ಅಂದು ಕೊಟ್ಟೂರಿನ ಹತ್ತಿರ ನಿನ್ನ ಕೈಯೂ ಹಿಡಿಯುತ್ತಿರಲಿಲ್ಲ. ಯಾವ ತಾಯಿಯ ಕೈಯೂ ಹಿಡಿಯುವುದಿಲ್ಲ ಭಾಗ್ಯ. ಗಟ್ಟಿಯಾಗಿ ಹಿಡಿದುಕೋ ಎಂದು ನಾನು ಬರೆದದ್ದು ಬುದ್ಧಿಯಿಲ್ಲದ ಮಾತು. ಇದನ್ನು ನಿಮ್ಮ ಅತ್ತೆಗೂ ಓದಿ ಹೇಳು.

ಕ್ರಾಂತಿ ಮೇಡಂ ಹೇಳಿದ್ದೆಲ್ಲ ಅರ್ಥವಾಯಿತು. ಹೊಲಿಗೆ ನನ್ನಿಂದ ಆಗದು, ನಮ್ಮ ಮೇಸ್ತ್ರಿ ಹೊಲಿಯುತ್ತಾನೆ, ನಾನು ಪಕ್ಕದಲ್ಲಿ ಕುಳಿತು ಹೇಳುತ್ತೇನೆ. ಈ ಸಲ ನೇರ ನಿನಗೆ ಕಳಿಸುವುದಿಲ್ಲ, ಮೇಡಂ ಹತ್ತಿರ ಕಳಿಸುತ್ತೇನೆ. ಅವರು ಸರಿ ಎಂದರೆ ಮಾತ್ರ ನಿನಗೆ.

ಜೂನಿನ ವಿಷಯಕ್ಕೆ ಭಾವ ಗುರುಸಂಗಪ್ಪನವರ ಜೊತೆ ಸಿಟ್ಟಿನಿಂದ ಮಾತಾಡಬೇಡ. ಆ ಮನುಷ್ಯ ಬೇಸತ್ತಿದ್ದಾನೆಂದು ನನಗೆ ಅನಿಸುವುದಿಲ್ಲ. ಹೆದರಿದ್ದಾನೆ. ನಾನೂ ಹೆದರಿಯೇ ಸುಟ್ಟುಬಿಡು ಎಂದು ಬರೆದೆ.

ಗವಿ


ಕರೂರು
೯ ಮೇ ೧೯೯೯

ಭಾಗ್ಯಳಿಗೆ ಆಶೀರ್ವಾದ.

ಸೀಟು ಹರಪನಹಳ್ಳಿಗೆ ಹೊರಟಿದೆ. ಬೂದು ಬಣ್ಣ, ಹಗುರ, ಒಂದು ಕೈಯಲ್ಲಿ ಎತ್ತಬಹುದು. ನೋಡಲು ಅಷ್ಟೇನೂ ಚೆಂದವಿಲ್ಲ. ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಎಷ್ಟೇ ಬಿಗಿದಿದ್ದರೂ ಬಿಚ್ಚಿಕೊಳ್ಳುತ್ತದೆ, ನಾನು ಜೋತುಬಿದ್ದು ನೋಡಿದ್ದೇನೆ. ಮೊದಲು ಮನೆಯಲ್ಲೇ ಕೂರಿಸು. ಕಣ್ಣು ಬೇರೆ ಕಡೆ ತಿರುಗಿಸಬೇಡ.

ಗವಿ


ಹಗರಿಬೊಮ್ಮನಹಳ್ಳಿ
೬ ಜೂನ್ ೧೯೯೯

ಅಣ್ಣನಿಗೆ ಶರಣು.

ನಿನ್ನ ಕೈಯ ಪ್ಲಾಸ್ಟರ್ ಬಿಚ್ಚಿದರೇ? ಅದನ್ನು ಮೊದಲು ಬರೆ.

ಸೀಟನ್ನು ಕ್ರಾಂತಿ ತಾನೇ ತಂದುಕೊಟ್ಟಳು. ಕೂಡ್ಲಿಗಿಗೆ ತನ್ನ ಮನೆಗೆ ಹೋಗುವಾಗ ಇತ್ತ ಸುತ್ತಿ ಬಂದಿದ್ದಳು. ಪಡಸಾಲೆಯಲ್ಲಿ ಸುಕನ್ಯಾಳನ್ನು ಕೂರಿಸಿ, ಪಟ್ಟಿ ಸರಿಮಾಡಿ, ಸೀಟನ್ನೇ ಮುಂದಕ್ಕೆ ಬಗ್ಗಿಸಿ ತೋರಿಸಿದಳು. ಇವರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ದಾವಣಗೆರೆಯ ಮಾತು ಬದಲಾಗಲಿಲ್ಲ. ನಾನು ಜಗಳವಾಡಲಿಲ್ಲ. ಆಡಲು ಬಲವೂ ಇರಲಿಲ್ಲ.

ನಿನ್ನೆ ಬೆಳಿಗ್ಗೆ ಅಲ್ಲಿಗೆ ಹೊರಟೆವು. ಅವಳ ಬಟ್ಟೆ, ತಟ್ಟೆ ತುಂಬಿದ ಟ್ರಂಕು ಬಸ್ಸಿನ ಮೇಲೆ. ಅತ್ತೆ ಬಾಗಿಲಿಗೆ ಬರಲಿಲ್ಲ. ದೂರದ ದಾರಿ ಎಂಬ ಒಂದೇ ಕಾರಣಕ್ಕೆ ಸೀಟು ತರಲು ಇವರು ಒಪ್ಪಿದ್ದರು. ಯರ್ರಿಸ್ವಾಮಿ ನಮ್ಮನ್ನು ನೋಡಿ ತನ್ನ ಹಿಂದಿನ ಸೀಟು ಬಿಡಿಸಿಕೊಟ್ಟ. ನಿಂತಿದ್ದವನೊಬ್ಬ, "ಇಷ್ಟು ಸಣ್ಣ ಕೂಸಿಗೆ ಒಂದು ಸೀಟಾ?" ಎಂದು ಗೊಣಗಿದ. "ಆ ಕೂಸಿನ ಮುಖ ನಾನು ನೋಡೀನಿ. ನೀ ನಿಂದ್ರು ಸುಮ್ನ" ಎಂದ ಯರ್ರಿಸ್ವಾಮಿ.

ಕಿಟಕಿಯ ಪಕ್ಕ ಸುಕನ್ಯಾ, ನಡುವೆ ಇವರು, ಇತ್ತ ನಾನು. ಇವರು ಅವಳನ್ನು ಯಾವಾಗಲೂ ಹೆಗಲ ಮೇಲೆ ಹಾಕಿಕೊಂಡವರು. ಅವಳ ಮುಖ ಇವರ ಬೆನ್ನ ಕಡೆಗೇ ಇರುತ್ತಿತ್ತು. ನಿನ್ನೆ ಮೊದಲ ಸಲ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತರು. ನನಗೂ ಹಾಗೆಯೇ. ತೊಡೆಯ ಮೇಲಿದ್ದಾಗ ಅವಳನ್ನು ಹಿಡಿಯುವುದೇ ಆಗುತ್ತಿತ್ತು, ನೋಡಿದ್ದು ಯಾವಾಗ?

ಊರು ದಾಟಿದ ಮೇಲೆ ಅವಳ ಕೈ ಸಡಿಲವಾಯಿತು. ಮುಷ್ಟಿ ಬಿಚ್ಚಿತು. ಕಿಟಕಿಯ ಹೊರಗೆ ನೋಡಿ "ಆ" ಎಂದಳು. ಕುರಿ. ಇವರು ಕೇಳದವರಂತೆ ಕುಳಿತಿದ್ದರು. ಮತ್ತೆ "ಆ". ಟ್ರ್ಯಾಕ್ಟರ್. ಇವರ ಕಡೆ ತಿರುಗಿ, ಹೇಳದೆ ಬಿಡುವುದಿಲ್ಲ ಎನ್ನುವ ಹಾಗೆ, ಮತ್ತೆ "ಆ".

"ಟ್ರ್ಯಾಕ್ಟರ್ ಅದು" ಎಂದರು ಇವರು, ಮೆಲ್ಲಗೆ.

"ಟ್ಯಾ."

ಇವರು ನನ್ನನ್ನು ನೋಡಿದರು. ನಾನು ಅತ್ತ ಮುಖ ತಿರುಗಿಸಿದೆ. ಕೊಟ್ಟೂರು ಬರುವ ಹೊತ್ತಿಗೆ ಅವಳು ತೋರಿಸುವ ಮೊದಲೇ ಇವರೇ ಹೇಳುತ್ತಿದ್ದರು. ಹುಣಸೆಮರ, ಸೂರ್ಯಕಾಂತಿ, ನೀರಿನ ಟ್ಯಾಂಕು, "ಅಲ್ ನೋಡವ್ವಾ, ರೈಲು ಹಳಿ." ಬಸ್ಸು ತುಂಬ ಜನರಿದ್ದರೂ ಈ ಮನುಷ್ಯನಿಗೆ ನಾಚಿಕೆಯಿರಲಿಲ್ಲ.

ಕೊಟ್ಟೂರು ಬಿಟ್ಟ ಮೇಲೆ ರಸ್ತೆ ಅಗೆದು ಹಾಕಿದ್ದರು. ಬಸ್ಸಿನ ಮುಂದಿನ ಗಾಲಿ ಒಂದು ಗುಂಡಿಗೆ ದಡ್ಡೆಂದು ಇಳಿಯಿತು. ನಿಂತವರು ಒಬ್ಬರ ಮೇಲೊಬ್ಬರು ಬಿದ್ದರು. ನಾನು ಕೂಗಿ ಅವಳ ಕಡೆ ಕೈ ಚಾಚಿದೆ, ಇವರೂ ಚಾಚಿದರು. ಇಬ್ಬರ ಕೈಗಳೂ ಅವಳ ಎದೆಯ ಮುಂದೆ ಒಂದಕ್ಕೊಂದು ಬಡಿದವು. ಅವಳು ಕುಳಿತಲ್ಲಿಯೇ ಇದ್ದಳು. ಪಟ್ಟಿ ಸೊಂಟದಿಂದ ಕದಲಿರಲಿಲ್ಲ. ನಮ್ಮ ಮುಖ ನೋಡಿ ಬಿದ್ದುಬಿದ್ದು ನಕ್ಕಳು. ನಕ್ಕಾಗ ಮೈ ಬಿಗಿಯಿತು, ಬಿಗಿದರೂ ಜಾರಲಿಲ್ಲ.

ಇವರು ಅವಳ ಸೊಂಟದ ಪಟ್ಟಿಯನ್ನು ಎಳೆದು ನೋಡಿದರು. ಆಮೇಲೆ ನನಗಷ್ಟೇ ಕೇಳುವಂತೆ, "ಅಕಿ ಬಸ್ಸಿನಾಗ ಹೋದ ದಿನೆಲ್ಲ ನಾನು ಅಂಗಡ್ಯಾಗ ಕುಂತು ಯಾರು ಸುದ್ದಿ ತರ್ತಾರೋ ಅಂತ ರಸ್ತಿ ನೋಡ್ತಿದ್ದೆ. ತಕ್ಕಡಿಯಾಗ ಏನ್ ತೂಗೀನಿ ಅನ್ನೋದ ತಿಳೀತಿದ್ದಿಲ್ಲ" ಎಂದರು. ಅಣ್ಣ, ಇಷ್ಟು ವರ್ಷ ಈ ಮಾತನ್ನು ಎಲ್ಲಿ ಇಟ್ಟುಕೊಂಡಿದ್ದರು?

ಹರಪನಹಳ್ಳಿಯಲ್ಲಿ ದಾವಣಗೆರೆಯ ಬಸ್ಸು ಹೊರಡಲು ನಿಂತಿತ್ತು. "ಬರ್ರಿ, ಟ್ರಂಕು ಮ್ಯಾಲೆ ಹಾಕ್ರಿ" ಎಂದು ಕಂಡಕ್ಟರ್ ಅವಸರ ಮಾಡಿದ. ಇವರು ಟ್ರಂಕು ಹಿಡಿದು ನಿಂತೇ ಇದ್ದರು. ನಾನು ಮಗುವನ್ನು ಹೆಗಲಿಗೆ ಒತ್ತಿಕೊಂಡಿದ್ದೆ. ಏನಾದರೂ ಹೇಳಿದರೆ ಎಲ್ಲಿ ಕೆಡುತ್ತದೋ ಎಂದು ಬಾಯಿ ಬಿಡಲಿಲ್ಲ.

"ನೀವು ಹೋಗ್ರಿ" ಎಂದರು ಕಂಡಕ್ಟರನಿಗೆ. "ಕೂಸಿಗೆ ಹಸಿವಾಗೇತಿ."

ಇಡ್ಲಿ ತಿನ್ನಿಸಿ ಕ್ರಾಂತಿಯ ಹತ್ತಿರ ಹೋದೆವು. ಅವಳು ನಮ್ಮನ್ನು ನೋಡಿ, ಟ್ರಂಕನ್ನು ನೋಡಿ ಚಾಪೆ ಹಾಸಿದಳು. ಕಾಲು ಎಳೆದಾಗ ಸುಕನ್ಯಾ ಕಿರುಚಿದಳು. ಇಷ್ಟು ತಿಂಗಳ ಬಾಕಿ ಅದು. ಇವರು ಎದ್ದು ಹೊರಗೆ ಹೋದರು, ಮತ್ತೆ ಒಳಗೆ ಬಂದರು.

ವಾಪಸು ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಮೊಮ್ಮಗಳನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಹೋದರು. ಮುಂದೇನು ಎಂದು ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಟ್ರಂಕು ನಡುಮನೆಯಲ್ಲಿ ಹಾಗೆಯೇ ಇದೆ, ಅದನ್ನು ದಾಟಿಕೊಂಡೇ ಓಡಾಡುತ್ತಿದ್ದೇವೆ. ಮುಟ್ಟಲು ನನಗೆ ಧೈರ್ಯವಿಲ್ಲ. ಈ ಪತ್ರವನ್ನೂ ಅಡುಗೆಮನೆಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ.

ಇಷ್ಟು ಬರೆಯುವಾಗ ನಡುಮನೆಯಲ್ಲಿ ಏನೋ ಸದ್ದಾಯಿತು. ಹೋಗಿ ನೋಡಿ ಬಂದೆ. ಇವರು ಟ್ರಂಕು ತೆರೆದು ನೆಲದ ಮೇಲೆ ಕುಳಿತಿದ್ದಾರೆ. ಅವಳ ಫ್ರಾಕುಗಳನ್ನು ಒಂದೊಂದಾಗಿ ಕೊಡವಿ, ಎದ್ದು ಹೋಗಿ ಗೂಟಕ್ಕೆ ಹಾಕುತ್ತಿದ್ದಾರೆ.

ಭಾಗ್ಯ